ಒಂದು ಉಂಡೆ ಹೆಚ್ಚಿಗೆ

ಕಾರ್ತಿಕ ಕಳೆದು ಬೆಳಗಿನ ಹೊತ್ತು ನೆಲ ತಣ್ಣಗಾಗತೊಡಗಿದಾಗ ಅಟ್ಟದಿಂದ ರಗ್ಗು, ಕಂಬಳಿಗಳ ಜತೆ ಇನ್ನೊಂದು ಚೀಲವೂ ಕೆಳಗಿಳಿಯುತ್ತದೆ. ಯಾವುದೋ ಮದುವೆ ಸೀರೆಯ ಅಂಗಡಿಯ ಹಳೆಯ ಕೈಚೀಲ. ಒಳಗೆ ಮುಕ್ಕಾಲು ಉಂಡೆ ಮೆರೂನ್, ಮುಷ್ಟಿಯಲ್ಲಿ ಹಿಡಿಯುವಷ್ಟು ಬಾದಾಮಿ ಬಣ್ಣ, ಯಾರದೋ ಮಗುವಿನ ಕುಲಾವಿಗೆಂದು ತಂದು ಮಿಕ್ಕ ತಿಳಿಗುಲಾಬಿ, ಕಾಗದದ ಪಟ್ಟಿಯನ್ನೂ ಬಿಚ್ಚದ ಎರಡು ಬಾಟಲ್ ಗ್ರೀನ್. ಎಲ್ಲದರ ತುದಿಯೂ ಎಲ್ಲದರೊಳಗೆ ಸಿಕ್ಕಿಕೊಂಡಿರುತ್ತದೆ. ಮನೆಯವರು ಕೇಳುವ ಪ್ರಶ್ನೆ ಮಾತ್ರ ಎಲ್ಲ ಮನೆಯಲ್ಲೂ ಒಂದೇ: ಇಷ್ಟಿದ್ದೂ ಮೊನ್ನೆ ಮತ್ತೆ ಯಾಕೆ ತಂದೆ?

ಸ್ವೆಟರ್ ಹಾಕುವವರು ಈ ಪ್ರಶ್ನೆಗೆ ತಲೆ ತಗ್ಗಿಸುವುದನ್ನು ನೋಡಿದ್ದೇನೆ. ತಗ್ಗಿಸಬೇಕಾಗಿಲ್ಲ. ಉಲ್ಲನ್ ಉಳಿಯುವುದಕ್ಕೆ ಕಾರಣ ದುಂದಲ್ಲ, ಮುಂಜಾಗ್ರತೆ. ಉಂಡೆಗೆ ಸುತ್ತಿರುವ ಪಟ್ಟಿಯ ಮೇಲೆ ಬಣ್ಣದ ನಂಬರಿನ ಪಕ್ಕ ಲಾಟ್ ನಂಬರು ಎಂದು ಇನ್ನೊಂದು ಇರುತ್ತದೆ. ಒಂದೇ ಕೊಪ್ಪರಿಗೆಯಲ್ಲಿ ಅದ್ದಿ ತೆಗೆದ ನೂಲಿಗೆಲ್ಲ ಒಂದು ಲಾಟ್. ಮುಂದಿನ ಸಲ ಅದೇ ಬಣ್ಣ, ಅದೇ ಅಳತೆ ಹಾಕಿ ಅದ್ದಿದರೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಡಿ ಎರಡೂ ಒಂದೇ ಎನಿಸುತ್ತದೆ. ಹಾಕಿ ಮುಗಿಸಿ, ತೊಟ್ಟು ಅಂಗಳದ ಬಿಸಿಲಿಗೆ ಬಂದಾಗ ಎದೆಯ ಮೇಲೆ ಅಡ್ಡಗೆರೆ ಎಳೆದಂತೆ ಕಾಣುತ್ತದೆ. ಗಂಡಸರ ತುಂಬುತೋಳಿನ ಸ್ವೆಟರಿಗೆ ಐದುನೂರು, ಆರುನೂರು ಗ್ರಾಂ ನೂಲು ಬೇಕು. ಅದೂ ಬಿಗಿ ಕೈಯವರಿಗೊಂದು ಲೆಕ್ಕ, ಸಡಿಲ ಕೈಯವರಿಗೊಂದು ಲೆಕ್ಕ. ಕೊನೆಯ ತೋಳಿನ ಬಾರ್ಡರಿಗೆ ನಾಲ್ಕು ಸಾಲು ಬಾಕಿ ಇರುವಾಗ ನೂಲು ಮುಗಿದು, ಅಂಗಡಿಯವನು 'ಆ ಲಾಟ್ ಹೋಯ್ತಲ್ಲಮ್ಮ' ಅಂದರೆ ಇಡೀ ತಿಂಗಳ ಕೆಲಸ ಅಲ್ಲಿಗೆ ನಿಂತಿತು. ಆದ್ದರಿಂದ ತಿಳಿದವರು ಒಂದು ಉಂಡೆ ಹೆಚ್ಚಿಗೆ ತರುತ್ತಾರೆ. ಆ ಚೀಲದಲ್ಲಿರುವುದೆಲ್ಲ ಹೀಗೆ ಕಟ್ಟಿದ ವಿಮೆಯ ಕಂತು.

ನಮ್ಮ ಕಡೆ ಈ ಕಂತು ಬೇಗ ಬೆಳೆಯುವುದಕ್ಕೆ ಹವಾಮಾನವೂ ಒಂದು ಕಾರಣ. ಮಡಿಕೇರಿ, ಚಿಕ್ಕಮಗಳೂರು, ಬೀದರ್ ಬಿಟ್ಟರೆ ಕರ್ನಾಟಕದ ಬಹುಪಾಲು ಊರುಗಳಲ್ಲಿ ಸ್ವೆಟರಿಗೆ ಕೆಲಸ ಇರುವುದು ಡಿಸೆಂಬರ್, ಜನವರಿ ಅಷ್ಟೆ. ಸಂಕ್ರಾಂತಿ ಕಳೆದರೆ ಮಧ್ಯಾಹ್ನ ಮಡಿಲಲ್ಲಿ ಉಲ್ಲನ್ ಇಟ್ಟುಕೊಳ್ಳುವುದೇ ಹಿಂಸೆ. ಆಗ ಕಡ್ಡಿಯಲ್ಲಿ ಇದ್ದದ್ದು ಕಡ್ಡಿಯಲ್ಲೇ ಚೀಲ ಸೇರುತ್ತದೆ. ಮುಂದಿನ ಚಳಿಗೆ ತೆಗೆಯುವಷ್ಟರಲ್ಲಿ ಮಗು ಅರ್ಧ ಗೇಣು ಬೆಳೆದಿರುತ್ತದೆ. ಸಿದ್ಧ ಸ್ವೆಟರುಗಳ ಪೈಪೋಟಿ ಬೇರೆ. ಅರವತ್ತರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಯೂರಿದ ಟಿಬೆಟನ್ನರು ಚಳಿಗಾಲದಲ್ಲಿ ಊರೂರಿಗೆ ಬಂದು ಫುಟ್‌ಪಾತಿನಲ್ಲಿ ಸಾಲಾಗಿ ಅಂಗಡಿ ಹಾಕಿ ಮಾರುವ ಲೂಧಿಯಾನದ ಮಾಲು ಬೆಚ್ಚಗೂ ಇರುತ್ತದೆ, ಅಗ್ಗವೂ ಹೌದು. ಮನೆಯಲ್ಲಿ ಹಾಕುವ ಸ್ವೆಟರಿಗೆ ನೂಲಿನ ಖರ್ಚೇ ಅಷ್ಟಾಗುತ್ತದೆ. ದುಡ್ಡು ಉಳಿಸಲು ಸ್ವೆಟರ್ ಹಾಕುತ್ತೇನೆ ಎನ್ನುವವರು ಈಗ ಯಾರೂ ಉಳಿದಿಲ್ಲ. ಹಾಗಾಗಿ ಉಳಿದ ನೂಲನ್ನು ಮುಗಿಸುವುದು ಉಳಿತಾಯದ ಪ್ರಶ್ನೆಯೂ ಅಲ್ಲ. ಇದ್ದದ್ದರಲ್ಲಿ ಏನಾದೀತು ಎಂದು ಯೋಚಿಸುವುದರಲ್ಲಿ ಒಂದು ಸೊಗಸಿದೆ. ಹೊಸ ನೂಲು ಕೊಳ್ಳುವಾಗ ಅದು ಸಿಗುವುದಿಲ್ಲ.

ಮೊದಲು ಜಾಗದ ಮಾತು. ಕುಸುರಿಗೆಂದೇ ಒಂದು ಕೋಣೆ, ಗೋಡೆಯುದ್ದ ಗೂಡುಗಳು, ಗೂಡಿಗೊಂದು ಬಣ್ಣ, ಇಂಥ ಚಿತ್ರಗಳನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವವರಿದ್ದಾರೆ. ಎರಡು ಕೋಣೆಯ ಮನೆಯಲ್ಲಿ ಅದು ಆಗುವ ಮಾತಲ್ಲ. ಆಗಬೇಕಾಗಿಯೂ ಇಲ್ಲ. ಕಡ್ಡಿ ಕೆಲಸ ನಡೆಯುವುದು ಕೂತ ಕಡೆ, ಬೀರು ಇರುವ ಕಡೆ ಅಲ್ಲ. ಎಡಗಡೆಯಿಂದ ಬೆಳಕು ಬೀಳುವ ಕಿಟಕಿ, ಮೊಣಕೈ ಆಡಲು ಜಾಗವಿರುವ ಕೈಯಿಲ್ಲದ ಕುರ್ಚಿ, ಅದರಿಂದ ಕೈಗೆಟುಕುವಷ್ಟು ದೂರದಲ್ಲಿ ಒಂದು ಬುಟ್ಟಿ. ಬುಟ್ಟಿಯಲ್ಲಿ ಈಗ ನಡೆಯುತ್ತಿರುವ ಕೆಲಸ ಮಾತ್ರ. ಉಳಿದದ್ದೆಲ್ಲ ಮಂಚದ ಕೆಳಗಿನ ಡಬ್ಬದಲ್ಲಿದ್ದರೂ ಸರಿ, ಆದರೆ ಡಬ್ಬ ಪಾರದರ್ಶಕವಾಗಿರಲಿ. ಕಣ್ಣಿಗೆ ಬೀಳದ ನೂಲು ಇಲ್ಲದ ನೂಲು. ಇದ್ದದ್ದೇ ಮರೆತು ಚಿಕ್ಕಪೇಟೆಗೆ ಹೋಗಿ ಅದೇ ಬೂದು ಬಣ್ಣವನ್ನು ಇನ್ನೊಮ್ಮೆ ತರುವುದು ಹೀಗೆ ಅಟ್ಟ ಸೇರಿದ ಚೀಲಗಳಿಂದಲೇ.

ಉಂಡೆ ಉರುಳಿ ಸೋಫಾದಡಿ ಹೋಗದಿರಲು ನಮ್ಮ ಹಿರಿಯರು ಕಂಡುಕೊಂಡದ್ದು ಹಿತ್ತಾಳೆಯ ಚೊಂಬು. ಅಗಲ ಹೊಟ್ಟೆ, ಕಿರಿದಾದ ಬಾಯಿ. ಉಂಡೆ ಒಳಗೇ ಕುಣಿಯುತ್ತದೆ, ಎಳೆ ಸಲೀಸಾಗಿ ಮೇಲೆ ಬರುತ್ತದೆ. ಇದಕ್ಕೆಂದೇ ಪಿಂಗಾಣಿಯ ಸೀಳು ಬಟ್ಟಲು ಮಾರುತ್ತಾರೆ. ಚೊಂಬಿಗಿಂತ ಅದು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಹದಿನಾಲ್ಕಿಂಚಿನ ಉದ್ದ ಕಡ್ಡಿಗಳಿಗೆ ಬ್ಯಾಡ್ಮಿಂಟನ್ ಶಟಲ್‌ಕಾಕಿನ ಉದ್ದ ಡಬ್ಬಕ್ಕಿಂತ ಒಳ್ಳೆಯ ಮನೆ ಬೇರೆ ಇಲ್ಲ. ಕಡ್ಡಿ ಜೋಡಿಸುವಾಗ ನಂಬರು ನೋಡಬೇಕು. ನಮ್ಮಲ್ಲಿ ಈಗಲೂ ಓಡಾಡುವುದು ಹಳೆಯ ಬ್ರಿಟಿಷ್ ನಂಬರು: 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25, 12 ಅಂದರೆ 2.75. ತಂತಿಯ ಗೇಜಿನ ಹಾಗೆ, ನಂಬರು ಏರಿದಷ್ಟೂ ಕಡ್ಡಿ ಸಣ್ಣ. ಈಚಿನ ಪುಸ್ತಕಗಳೆಲ್ಲ ಮಿಲಿಮೀಟರಿನಲ್ಲಿ ಬರೆಯುವುದರಿಂದ, ಕಡ್ಡಿಯ ತಲೆಗೆ ಒಂದಿಷ್ಟು ಪ್ಲಾಸ್ಟರ್ ಸುತ್ತಿ ಎರಡನ್ನೂ ಬರೆದಿಟ್ಟರೆ ಪ್ರತಿ ಸಲ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಇನ್ನು ಚೀಲವನ್ನು ನೆಲದ ಮೇಲೆ ಸುರಿದು ವಿಂಗಡಿಸುವುದು. ಎಲ್ಲರೂ ಬಣ್ಣದ ಪ್ರಕಾರ ವಿಂಗಡಿಸುತ್ತಾರೆ, ಏಕೆಂದರೆ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ನೋಡಲು ಚೆಂದ, ಉಪಯೋಗ ಕಮ್ಮಿ. ಕೆಂಪಿನ ಪಕ್ಕ ಹಸಿರು ಕೂತರೆ ಲೋಕ ಮುಳುಗುವುದಿಲ್ಲ, ಕೆಲವೊಮ್ಮೆ ಅದೇ ಚೆನ್ನಾಗಿರುತ್ತದೆ. ಆದರೆ 2 ಪ್ಲೈ ಬೇಬಿ ಉಲ್ಲನ್ನಿನ ಪಕ್ಕ ದಪ್ಪ ಡಬಲ್ ನಿಟ್ಟಿಂಗ್ ನೂಲು ಹಾಕಿದರೆ ಒಂದು ಕಡೆ ಜಾಳು, ಇನ್ನೊಂದು ಕಡೆ ಹಲಗೆ. ತುಂಡು ಚೌಕವಾಗದೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಟ್ಟಿಗೆ ಬಾಳಬೇಕಾದ್ದು ದಪ್ಪ. ಹಾಗಾಗಿ ಮೊದಲ ವಿಂಗಡಣೆ ದಪ್ಪದ್ದು. ಪಟ್ಟಿ ಕಳೆದುಹೋದ ಉಂಡೆಯ ದಪ್ಪ ತಿಳಿಯಲು ಅದರ ಎಳೆಯನ್ನು ಗೊತ್ತಿರುವ ನೂಲಿನ ಎಳೆಯೊಂದಕ್ಕೆ ಕೊಕ್ಕೆಯ ಹಾಗೆ ಸಿಕ್ಕಿಸಿ, ಎರಡೂ ಕಡೆ ಮಡಿಚಿ ಹಿಡಿದು ಬೆರಳಲ್ಲಿ ಹೊಸೆದು ನೋಡಿದರೆ ಸಾಕು. ಸಿಕ್ಕಿಸಿದ ಜಾಗದಿಂದ ಆಚೆ ಈಚೆ ಒಂದೇ ದಪ್ಪ ಎನಿಸಿದರೆ ಅವೆರಡೂ ಜತೆಗೂಡುತ್ತವೆ. ಎರಡು ಸಣ್ಣ ಎಳೆ ಸೇರಿಸಿ ಒಂದು ದಪ್ಪ ಎಳೆಯ ಕೆಲಸ ಮಾಡಿಸುವ ದಾರಿಯೂ ಇದೆ. ಬೂದಿನ ಜತೆ ಬಿಳಿ ಸೇರಿಸಿ ಹಾಕಿದರೆ ಬರುವ ಕೊತ್ತಂಬರಿ ಬೀಜದ ಬಣ್ಣವನ್ನು ಯಾವ ಅಂಗಡಿಯೂ ಕೊಡಲಾರದು.

ಎರಡನೆಯ ವಿಂಗಡಣೆ ನೂಲಿನ ಜಾತಿಯದು. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಆಕ್ರಿಲಿಕ್, ಪೆಟ್ರೋಲಿಯಂನಿಂದ ಬಂದದ್ದು. ಪಟ್ಟಿ ಇದ್ದರೆ ಓದಬಹುದು. ಇಲ್ಲದಿದ್ದರೆ ಬೆಂಕಿಯೇ ಹೇಳಬೇಕು. ಸ್ಟೀಲ್ ತಟ್ಟೆಯೊಂದನ್ನು ಕೆಳಗಿಟ್ಟುಕೊಂಡು, ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ತಾಗಿಸಿ. ನಿಜವಾದ ಉಣ್ಣೆ ಒಲ್ಲದ ಮನಸ್ಸಿನಿಂದ ಉರಿಯುತ್ತದೆ, ಬೆಂಕಿ ದೂರವಾದ ಕೂಡಲೇ ಆರುತ್ತದೆ, ಕೂದಲು ಸುಟ್ಟ ನಾತ ಮನೆ ತುಂಬುತ್ತದೆ, ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಭಗ್ಗೆಂದು ಉರಿದು ಹಗುರ ಬೂದಿ ಬಿಡುತ್ತದೆ. ಆಕ್ರಿಲಿಕ್ ಉರಿಯುತ್ತಲೇ ಕರಗಿ ತೊಟ್ಟಿಕ್ಕುತ್ತದೆ. ತಣಿದ ಮೇಲೆ ತಟ್ಟೆಯಲ್ಲಿ ಸಾಸಿವೆಯಂಥ ಗಟ್ಟಿ ಮಣಿ ಕೂತಿರುತ್ತದೆ, ಉಗುರಿಗೂ ಜಗ್ಗುವುದಿಲ್ಲ. ಇದು ಕುತೂಹಲಕ್ಕೆ ಮಾಡುವ ಆಟವಲ್ಲ. ಉಣ್ಣೆ ಬಿಸಿನೀರಿನಲ್ಲಿ ತಿಕ್ಕಿಸಿಕೊಂಡರೆ ಕುಗ್ಗಿ ಜಮಖಾನದಂತಾಗುತ್ತದೆ. ಆಕ್ರಿಲಿಕ್ ನೀರಿಗೆ ಹೆದರುವುದಿಲ್ಲ, ಇಸ್ತ್ರಿಗೆ ಹೆದರುತ್ತದೆ. ಎರಡನ್ನೂ ಒಂದೇ ಹೊದಿಕೆಯಲ್ಲಿ ಸೇರಿಸಿದರೆ ಮೊದಲ ಒಗೆತದಲ್ಲೇ ಜಗಳ.

ಇಷ್ಟೆಲ್ಲ ವಿಂಗಡಿಸುವಾಗ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಈ ಚೀಲದಲ್ಲಿ ಲೂಧಿಯಾನದ್ದಿದೆ, ಎಲ್ಲೋ ಒಂದು ಉಂಡೆ ಆಸ್ಟ್ರೇಲಿಯಾದ ಮೆರಿನೊ ಕೂಡ ಇದೆ. ನಮ್ಮದೇ ಕುರಿಯ ಉಣ್ಣೆ ಮಾತ್ರ ಇಲ್ಲ. ಚಳ್ಳಕೆರೆಯ ಕಂಬಳಿ ಸಂತೆಯ ಹೆಸರು ಕೇಳದವರು ಕಮ್ಮಿ. ಕುರುಬರು ಕೈಯಲ್ಲೇ ನೂತು, ಹುಣಸೆಬೀಜದ ಗಂಜಿ ಹಾಕಿ ಹಾಸನ್ನು ಬಿಗಿಗೊಳಿಸಿ ನೇಯ್ದ ಕರಿ ಕಂಬಳಿ ಮಳೆಗೂ ಆಯಿತು, ಹಾಸಲಿಕ್ಕೂ ಆಯಿತು, ದೇವರ ಗದ್ದುಗೆಗೂ ಆಯಿತು. ಆದರೆ ಅದೇ ದಖನಿ ಕುರಿಯ ಉಣ್ಣೆಯಿಂದ ಯಾರೂ ಸ್ವೆಟರ್ ಹಾಕುವುದಿಲ್ಲ. ಎಳೆಯ ದಪ್ಪವೇ ಕಾರಣ. ಮೆರಿನೊ ಎಳೆ 24 ಮೈಕ್ರಾನಿನೊಳಗೆ ಇರುತ್ತದೆ. 30 ಮೈಕ್ರಾನ್ ದಾಟಿದ ಎಳೆಯ ತುದಿ ಬಾಗದೆ ನೇರ ಚರ್ಮಕ್ಕೆ ಚುಚ್ಚುತ್ತದೆ, ನಾವು ಅದನ್ನೇ ಕಡಿತ ಅನ್ನುತ್ತೇವೆ. ದಖನಿ ಉಣ್ಣೆ ಅದಕ್ಕಿಂತ ಒರಟು. ಮೈಗೆ ಹತ್ತದ ಕಡೆ, ಅಂದರೆ ಬಾಗಿಲಿನ ಮ್ಯಾಟು, ಕುರ್ಚಿಯ ಆಸನ, ಬಿಸಿ ಪಾತ್ರೆಯ ಅಡಿಗೆ ಇಡುವ ಚಕ್ಕೆ, ಇಂಥವಕ್ಕೆ ಅದಕ್ಕಿಂತ ಗಟ್ಟಿ ನೂಲು ಇಲ್ಲ. ಉಂಡೆ ಕಟ್ಟಿ ಅಂಗಡಿಗೆ ತರುವವರಿದ್ದರೆ ಕೊಳ್ಳುವವರಲ್ಲಿ ನಾನೂ ಒಬ್ಬಳು.

ಹುಳುವಿನ ವಿಷಯಕ್ಕೂ ಈ ವಿಂಗಡಣೆಯೇ ಉತ್ತರ ಕೊಡುತ್ತದೆ. ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಅದಕ್ಕೆ ಬೇಕಾದ್ದು ಕೂದಲು, ಉಣ್ಣೆ, ಗರಿಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನು. ಜತೆಗೆ ಕತ್ತಲು, ಬೆವರು ಹತ್ತಿದ ಬಟ್ಟೆ. ಆಕ್ರಿಲಿಕ್ಕಿನಲ್ಲಿ ಅದಕ್ಕೆ ಆಹಾರವೇ ಇಲ್ಲ. ಹಾಗಿದ್ದೂ ಇಡೀ ಡಬ್ಬಕ್ಕೆ ನ್ಯಾಫ್ತಲೀನ್ ಗುಳಿಗೆ ಎಸೆದು ಮುಚ್ಚುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ. ಉಳಿದ ಉಲ್ಲನ್ನಿನಿಂದ ಹೆಚ್ಚಾಗಿ ತಯಾರಾಗುವುದು ಕೂಸಿನ ಕುಲಾವಿ, ಕಾಲುಚೀಲ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ನ್ಯಾಫ್ತಲೀನ್ ಗುಳಿಗೆಯೊಂದಿಗೆ ಇಟ್ಟ ಉಣ್ಣೆ ಬಟ್ಟೆ, ಹೊದಿಕೆ ಹೊದಿಸಿದಾಗ ಇಂಥ ಹಸುಗೂಸುಗಳ ರಕ್ತದ ಕೆಂಪುಕಣ ಒಡೆದು ಕಾಮಾಲೆ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಯಾವ ಮಗುವಿಗೆ ಆ ಕೊರತೆ ಇದೆ ಎಂದು ಮುಖ ನೋಡಿ ಹೇಳಲಾಗದು. ಮಗುವಿನ ನೂಲಿರುವ ಡಬ್ಬಕ್ಕೆ ಆ ಗುಳಿಗೆ ಬೇಡ.

ಅದರ ಬದಲು ಒಣಗಿದ ಬೇವಿನೆಲೆ, ಬಜೆಯ ತುಂಡು, ಲಾವಂಚದ ಬೇರು ಇಡುವ ಪದ್ಧತಿ ನಮ್ಮ ಸೀರೆಪೆಟ್ಟಿಗೆಗಳಿಗೆ ಹೊಸದಲ್ಲ. ವಾಸನೆ ಇರುವವರೆಗೆ ಅವುಗಳ ಕಾವಲು, ಆಮೇಲೆ ಬದಲಿಸಬೇಕು. ಹುಳು ಬಿದ್ದಾಗಿದೆ ಎಂಬ ಅನುಮಾನವಿದ್ದರೆ ಆ ಉಣ್ಣೆಯ ಉಂಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಐಸ್‌ಕ್ರೀಮಿನ ಪಕ್ಕ ಉಲ್ಲನ್ ಕಂಡ ಮೊಮ್ಮಕ್ಕಳಿಗೆ ಉತ್ತರ ಕೊಡುವ ಜವಾಬ್ದಾರಿ ನಿಮ್ಮದು. ಕರಾವಳಿ, ಮಲೆನಾಡಿನವರಿಗೆ ಹುಳುವಿಗಿಂತ ಬೂಷ್ಟಿನ ಕಾಟ ಹೆಚ್ಚು. ಅಲ್ಲಿ ಮಳೆಗಾಲದಲ್ಲಿ ಡಬ್ಬ ತೆರೆಯದಿರುವುದೇ ಮೇಲು. ತೆರೆದರೆ ಹೊರಗಿನ ತೇವವೇ ಒಳಗೆ ಹೋಗಿ ಕೂರುತ್ತದೆ. ದಸರೆಯ ಬಿಸಿಲು ಬಂದ ಮೇಲೆ ಒಂದು ದಿನ ಎಲ್ಲವನ್ನೂ ಹೊರಗೆ ಹಾಕಿ ಕೊಡವಿ ಮತ್ತೆ ತುಂಬಿದರಾಯಿತು.

ಈಗ ತಕ್ಕಡಿ. ಉಳಿದ ನೂಲಿಗೆ ಇದಕ್ಕಿಂತ ದೊಡ್ಡ ಉಪಕಾರಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಅಡುಗೆಮನೆಯಲ್ಲಿ ಕೇಕಿಗೆ ಮೈದಾ ತೂಗುವ ಬ್ಯಾಟರಿ ತಕ್ಕಡಿ ಸಾಕು. ಉಂಡೆಯನ್ನು ಕಣ್ಣಲ್ಲಿ ಅಳೆಯುವುದು ಮೋಸ. ಸಡಿಲ ಸುತ್ತಿದ 30 ಗ್ರಾಂ ಬಿಗಿ ಸುತ್ತಿದ 60 ಗ್ರಾಮಿಗಿಂತ ದೊಡ್ಡದಾಗಿ ಕಾಣುತ್ತದೆ. ಒಂದೊಂದನ್ನೂ ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು ಉಂಡೆಯೊಳಗೇ ತುರುಕಿಡಬೇಕು. ಹುಟ್ಟಿದ ಮಗುವಿನ ಕುಲಾವಿಗೆ 20-25 ಗ್ರಾಂ, ಒಂದು ಜೊತೆ ಪುಟ್ಟ ಕಾಲುಚೀಲಕ್ಕೆ 15-20 ಗ್ರಾಂ, ಡಬಲ್ ನಿಟ್ಟಿಂಗ್ ನೂಲಿನಲ್ಲಿ ನಾಲ್ಕಿಂಚಿನ ಚೌಕಕ್ಕೆ 5-6 ಗ್ರಾಂ. ಒಂದು ಗಜ ಚೌಕದ ಮಗುವಿನ ಹೊದಿಕೆ ಎಂದರೆ ಅಂಥ 81 ಚೌಕ, ಅಂದರೆ ಹತ್ತಿರ ಹತ್ತಿರ ಅರ್ಧ ಕೆಜಿ, ಅಂಚಿನದು ಬೇರೆ. ಈ ಅಂಕಿಗಳು ಕೈಯಿಂದ ಕೈಗೆ ಒಂದಿಷ್ಟು ಬದಲಾದಾವು. ಆದರೂ ಕೈಯಲ್ಲಿರುವ 18 ಗ್ರಾಂ ತಿಳಿಗುಲಾಬಿಯಲ್ಲಿ ಕುಲಾವಿ ಆಗುವುದಿಲ್ಲ, ಕಾಲುಚೀಲ ಆಗುತ್ತದೆ ಎಂದು ಶುರು ಮಾಡುವ ಮೊದಲೇ ಗೊತ್ತಾಗುತ್ತದಲ್ಲ, ಅದು ದೊಡ್ಡದು.

ತಕ್ಕಡಿಯ ನಿಜವಾದ ಚಮತ್ಕಾರ ಮೂಲೆಯಿಂದ ಮೂಲೆಗೆ ಹಾಕುವ ಚೌಕದಲ್ಲಿದೆ. ಕಡ್ಡಿಗೆ ಮೂರು ಕುಣಿಕೆ ಏರಿಸಿ. ಎಲ್ಲವೂ ಸೀದಾ, ಉಲ್ಟಾದ ಗೋಜೇ ಇಲ್ಲ. ಪ್ರತಿ ಸಾಲಿನ ಆರಂಭದಲ್ಲಿ ಒಂದೊಂದು ಕುಣಿಕೆ ಹೆಚ್ಚಿಸುತ್ತ ಹೋದರೆ ಮೂಲೆಯಿಂದ ತ್ರಿಕೋನವೊಂದು ಅರಳುತ್ತ ಬರುತ್ತದೆ. ಎಲ್ಲಿಯವರೆಗೆ? ಉಂಡೆ 40 ಗ್ರಾಂ ಇತ್ತು ಅಂದುಕೊಳ್ಳಿ. ಉಳಿದ ಉಂಡೆಯನ್ನು ಆಗಾಗ ತಕ್ಕಡಿಗಿಟ್ಟು ನೋಡುತ್ತ, 21 ಗ್ರಾಂ ತೋರಿಸಿದ ಕೂಡಲೇ ದಿಕ್ಕು ಬದಲಿಸಿ: ಇನ್ನು ಪ್ರತಿ ಸಾಲಿಗೂ ಒಂದೊಂದು ಕುಣಿಕೆ ಕಡಿಮೆ. ಚೌಕದ ಕರ್ಣ ಅದನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. ಹೋಗಲು ಎಷ್ಟು ನೂಲು ಬೇಕಾಯಿತೋ ಬರಲೂ ಅಷ್ಟೇ ಬೇಕು. ಕೊನೆಯ ಮೂರು ಕುಣಿಕೆ ಮುಚ್ಚುವಾಗ ಕೈಯಲ್ಲಿ ಒಂದಿಷ್ಟೇ ಬಾಲ ಉಳಿದಿರುತ್ತದೆ. ಎಷ್ಟು ದೊಡ್ಡ ಚೌಕ ಎಂದು ಯಾರೂ ಮೊದಲೇ ನಿರ್ಧರಿಸಿರುವುದಿಲ್ಲ, ಉಂಡೆಯೇ ನಿರ್ಧರಿಸುತ್ತದೆ. ಶಾಲೆಯಲ್ಲಿ ಕಲಿತ ರೇಖಾಗಣಿತ ಇಷ್ಟು ಸಲೀಸಾಗಿ ಉಪಯೋಗಕ್ಕೆ ಬಂದ ಇನ್ನೊಂದು ಸಂದರ್ಭ ನನಗೆ ನೆನಪಿಲ್ಲ.

ತಕ್ಕಡಿ ಇಲ್ಲದ ಕಡೆ ಇನ್ನೊಂದು ಲೆಕ್ಕ ಇದೆ. ಒಂದು ಸಾಲು ಮುಗಿಸಲು ಆ ತುಂಡಿನ ಅಗಲದ ಮೂರರಿಂದ ನಾಲ್ಕು ಪಟ್ಟು ನೂಲು ಬೇಕು. ಬಾಲವನ್ನು ತುಂಡಿನ ಮೇಲೆ ಹಿಂದಕ್ಕೂ ಮುಂದಕ್ಕೂ ಹಾಸಿ ನೋಡಿ ನಾಲ್ಕು ಸಲ ಬಂದರೆ ಧೈರ್ಯವಾಗಿ ಸಾಲು ಹಿಡಿಯಬಹುದು. ಎರಡೇ ಸಲ ಬಂದರೆ ಅಲ್ಲೇ ನಿಲ್ಲಿಸಿ ಅಂಚಿನಲ್ಲಿ ಹೊಸ ಬಣ್ಣ ಸೇರಿಸಬೇಕು. ಸಾಲಿನ ನಡುವೆ ಗಂಟು ಹಾಕಿದರೆ ಅದು ಎಂದಿದ್ದರೂ ಮುಂಭಾಗಕ್ಕೆ ಬಂದು ಹಲ್ಲು ಕಿರಿಯುತ್ತದೆ.

ಕ್ರೋಶಾದಲ್ಲಿ ನಡುವಿನಿಂದ ಸುತ್ತುತ್ತ ಹೊರಗೆ ಬೆಳೆಸುವ ದೊಡ್ಡ ಚೌಕದ ಹೊದಿಕೆಗಳಿಗೆ ಬೇರೆ ಜಾಣತನ ಬೇಕು. ಒಂದೊಂದು ಸುತ್ತೂ ಹಿಂದಿನದಕ್ಕಿಂತ ಉದ್ದ. ಮೊದಲ ಸುತ್ತುಗಳಿಗೆ ಚಿಟಿಕೆಯಷ್ಟು ನೂಲು, ಕೊನೆಯ ಒಂದು ಸುತ್ತಿಗೆ ಒಂದು ಉಂಡೆ. ಆತುರದಲ್ಲಿ ದೊಡ್ಡ ಉಂಡೆಗಳನ್ನು ಮೊದಲೇ ಖರ್ಚು ಮಾಡಿಕೊಂಡವರು ಅಂಚಿಗೆ ಬರುವ ಹೊತ್ತಿಗೆ ಅಂಗೈಯಷ್ಟು ಚೂರುಗಳನ್ನು ಇಟ್ಟುಕೊಂಡು ಪರದಾಡುತ್ತಾರೆ. ಚೀಟಿಯ ತೂಕ ನೋಡಿ ಏರಿಕೆಯ ಕ್ರಮದಲ್ಲಿ ಸಾಲಾಗಿ ಇಟ್ಟುಕೊಂಡು, ಚಿಕ್ಕದರಿಂದ ಶುರು ಮಾಡಬೇಕು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಕೌದಿ ಹೊಲಿಯುವುದು ಇದಕ್ಕೆ ತದ್ವಿರುದ್ಧ. ಅವರು ಹೊರ ಅಂಚಿನಿಂದ ಹಿಡಿದು ಸುತ್ತುತ್ತ ಒಳಗೆ ಬರುತ್ತಾರೆ. ಅಳತೆ ಮೊದಲೇ ಗಟ್ಟಿಯಾಗುತ್ತದೆ, ಹೋಗುತ್ತ ಹೋಗುತ್ತ ಜಾಗ ಕಿರಿದಾಗುತ್ತದೆ, ಚೂರು ಬಟ್ಟೆ ಎಷ್ಟೇ ಚಿಕ್ಕದಾದರೂ ಕೊನೆಗೆ ಅದಕ್ಕೊಂದು ಜಾಗ ಇರುತ್ತದೆ. ಚೂರುಗಳಿಂದ ಮಾಡುವ ಕೆಲಸಕ್ಕೆ ಆ ದಿಕ್ಕೇ ಸರಿ ಎಂದು ನನಗೆ ಅನ್ನಿಸುವುದುಂಟು. ಹೆಣಿಗೆಯಲ್ಲಿ ಹಾಗೆ ಮಾಡಲೂ ಆದೀತು, ಅಂಚಿನಿಂದ ಕುಣಿಕೆ ಕಡಿಮೆ ಮಾಡುತ್ತ ನಡುವಿಗೆ ಬಂದರೆ. ಮೊದಲಿಗೇ ಮುನ್ನೂರು ಕುಣಿಕೆ ಏರಿಸುವ ತಾಳ್ಮೆ ಇದ್ದವರು ಪ್ರಯತ್ನಿಸಬಹುದು.

ಬಣ್ಣದ ಚಿಂತೆ ಕೊನೆಗೆ. ಕೇಫ್ ಫ್ಯಾಸೆಟ್ ಎಂಬ ಹೆಣಿಗೆಗಾರ ಅಮೆರಿಕದಲ್ಲಿ ಹುಟ್ಟಿದವನು, ಚಿತ್ರಕಾರ. 1964ರಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ. ಒಮ್ಮೆ ಸ್ಕಾಟ್ಲೆಂಡಿನ ನೂಲಿನ ಗಿರಣಿಯೊಂದರಲ್ಲಿ ಅಲ್ಲಿನ ಗುಡ್ಡಬೆಟ್ಟಗಳ ಬಣ್ಣವನ್ನೇ ಹೊತ್ತ ಶೆಟ್ಲೆಂಡ್ ಉಣ್ಣೆ ಕಂಡು ಇಪ್ಪತ್ತು ಬಣ್ಣ ಕೊಂಡುಬಿಟ್ಟ. ಹೆಣೆಯಲು ಬರುತ್ತಿರಲಿಲ್ಲ. ವಾಪಸು ಬರುವ ರೈಲಿನಲ್ಲಿ ಸಹಪ್ರಯಾಣಿಕಳೊಬ್ಬಳಿಂದ ಕಲಿತ. ಮೊದಲ ಸ್ವೆಟರಿನಲ್ಲೇ ಇಪ್ಪತ್ತೂ ಬಣ್ಣ ಹಾಕಿದ. ಅವನ ಕೆಲಸದಿಂದ ಕಲಿಯಬೇಕಾದ್ದು ಇಷ್ಟೆ: ಎರಡೇ ಬಣ್ಣ ಇದ್ದಾಗ ಹೊಂದುತ್ತದೋ ಇಲ್ಲವೋ ಎಂಬ ತಕರಾರು. ಹದಿನೈದಿಪ್ಪತ್ತು ಇದ್ದರೆ ಯಾವ ಬಣ್ಣವೂ ಒಂಟಿಯಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಆದರೂ ನನ್ನದೊಂದು ಪಟ್ಟು ಇದೆ. ಎಲ್ಲ ಚೌಕಗಳ ಅಂಚಿಗೂ, ಜೋಡಣೆಗೂ ಒಂದೇ ಬಣ್ಣ ಇರಬೇಕು. ಅದು ಕಪ್ಪಾಗಿದ್ದರೆ ಉಳಿದ ಬಣ್ಣಗಳು ಹೊಳೆಯುತ್ತವೆ, ಬಿಳಿಯಾದರೆ ತಣ್ಣಗಾಗುತ್ತವೆ. ಇದಕ್ಕಾಗಿ ಹೊಸ ನೂಲು ಕೊಳ್ಳಬೇಕಾಗಿ ಬಂದರೆ ಕೊಳ್ಳಿ. ಎಂಬತ್ತು ಚೌಕ ಮುಗಿಸಿದವರು ಅಂಚಿಗೆ ಎರಡು ಉಂಡೆ ಕೊಂಡರೆ ಮನೆಯವರು ಏನೂ ಅನ್ನಲಾರರು. ಅಂದರೂ ಅನ್ನಲಿ.

ಬಿಚ್ಚುವುದೂ ಒಂದು ವಿದ್ಯೆ. ಮಗು ದಾಟಿ ಹೋದ ಸ್ವೆಟರು, ಕಡ್ಡಿಯಲ್ಲೇ ನಿಂತು ಹೋದ ಬೆನ್ನು, ಇವನ್ನು ಹಾಗೇ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂದಾಗ ಹೆಣಿಗೆಯ ಉಣ್ಣೆಗೂ ಕೂಪನ್ ಕೊಡಬೇಕಿತ್ತು. ಹಳೆಯ ಸ್ವೆಟರ್ ಬಿಚ್ಚಿ ಹೊಸದು ಹಾಕುವುದು ಅಲ್ಲಿ ಮನೆಮನೆಯ ಕೆಲಸವಾಯಿತು. ಸ್ವೆಟರ್ ಬಿಚ್ಚುವುದು ಮುಚ್ಚಿದ ತುದಿಯಿಂದ, ಅಂದರೆ ಹೆಚ್ಚಾಗಿ ಕುತ್ತಿಗೆಯಿಂದ. ಏರಿಸಿದ ತುದಿಯಿಂದ ಎಳೆದರೆ ಪ್ರತಿ ಕುಣಿಕೆಯಲ್ಲೂ ಸಿಕ್ಕಿಕೊಳ್ಳುತ್ತದೆ. ಬಿಚ್ಚಿದ ನೂಲು ನೂಡಲ್ಸಿನಂತೆ ಸುರುಳಿಯಾಗಿರುತ್ತದೆ. ಹಾಗೇ ಹಾಕಿದರೆ ಮೈ ಉಬ್ಬುತಗ್ಗು. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಟವೆಲಿನಲ್ಲಿ ಹಿಂಡಿ, ನೆರಳಲ್ಲಿ ನೇತು ಹಾಕಬೇಕು. ಒಣಗಿದಾಗ ಸುರುಳಿ ಬಹುಪಾಲು ಬಿಟ್ಟಿರುತ್ತದೆ. ಅಂಗಡಿಯ ಸ್ವೆಟರ್ ಬಿಚ್ಚುವ ಆಸೆ ಇದ್ದವರು ಮೊದಲು ಒಳಗಿನ ಹೊಲಿಗೆ ನೋಡಿ. ಬಟ್ಟೆಯಂತೆ ಕತ್ತರಿಸಿ ಅಂಚಿಗೆ ಮಿಷನ್ ಹೊಲಿಗೆ ಹಾಕಿದ್ದರೆ ಬಿಚ್ಚಿದಾಗ ಸಿಗುವುದು ಮಾರುದ್ದದ ತುಂಡುಗಳು, ಉಂಡೆಯಲ್ಲ.

ಇಷ್ಟಾದ ಮೇಲೂ ಯಾರಿಗೆ ಹಾಕುವುದು ಎಂಬುದು ಬಾಕಿ ಇದೆ. ಟಿವಿಗೆ ಕವರು, ಫೋನಿಗೆ ಕವರು, ಫ್ರಿಜ್ಜಿನ ಹಿಡಿಗೆ ಕವರು, ಬಾಗಿಲಿಗೆ ಗಿಣಿಯ ತೋರಣ, ಈ ಕಾಲ ಮುಗಿಯಿತು ಎನ್ನುವವಳು ನಾನು. ಮುಗಿದಿಲ್ಲ ಎನ್ನುವ ಅತ್ತಿಗೆ, ನಾದಿನಿಯರು ಸಾಕಷ್ಟಿದ್ದಾರೆ. 2016ರ ಜನವರಿಯಲ್ಲಿ ಚೆನ್ನೈನಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಬಳಗದ ಹೆಂಗಸರು ಮನೆಮನೆಯಲ್ಲಿ ಹಾಕಿ ಕಳಿಸಿದ ಹೊದಿಕೆಗಳನ್ನೆಲ್ಲ ಜೋಡಿಸಿ 11 ಸಾವಿರ ಚದರ ಮೀಟರಿಗೂ ಮಿಕ್ಕ ಒಂದೇ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಆಮೇಲೆ ಅದನ್ನು ಬಿಡಿಸಿ ಬೇಕಾದವರಿಗೆ ಹಂಚಿದರು. ದಾಖಲೆಗಿಂತ ಹಂಚಿದ ಭಾಗ ನನಗೆ ಮೆಚ್ಚಿಗೆ. ಕೊಡುವುದಿದ್ದರೆ ಮೊದಲು ಕೇಳಿ ಕೊಡಬೇಕು. ಹೆರಿಗೆ ಆಸ್ಪತ್ರೆಯ ದಾದಿಯರಿಗೆ ಬೇಕಾದ್ದು ಬಿಸಿನೀರಲ್ಲಿ ಒಗೆಯಬಲ್ಲ, ಗುಂಡಿ, ಮಣಿ, ಲಾಡಿ ಇಲ್ಲದ ಟೋಪಿ. ನಮಗೆ ಹಾಕಲು ಇಷ್ಟವಾಗುವುದು ಕುಚ್ಚು, ಮುತ್ತು, ರಿಬ್ಬನ್ನಿನದು. ಮನಸ್ಸಿಲ್ಲದ ನೂಲನ್ನು ಹಠ ಹಿಡಿದು ಮುಗಿಸುವುದೂ ಬೇಡ. ಕಲಿಯುತ್ತಿರುವ ಹುಡುಗಿಗೆ ಆ ಬಾಟಲ್ ಗ್ರೀನ್ ಕೊಟ್ಟರೆ ಅದು ಹತ್ತು ಸಲ ಬಿಚ್ಚಿ ಹಾಕಲು ಒದಗುತ್ತದೆ. ಕಲಿಯುವ ಕೈಗೆ ಹೊಸ ನೂಲು ಬೇಕಾಗಿಲ್ಲ.

ಗೇಣಿಗಿಂತ ಚಿಕ್ಕ ತುಣುಕುಗಳ ಬಗ್ಗೆ ಒಂದು ಎಚ್ಚರಿಕೆ. ಗುಬ್ಬಿ, ಬುಲ್‌ಬುಲ್‌ಗಳು ಗೂಡಿಗೆ ಒಯ್ಯಲಿ ಎಂದು ಅವನ್ನು ಗಿಡದ ಮೇಲೆ ಹರಡುವ ಕರುಣಾಳುಗಳಿದ್ದಾರೆ. ಹಾಗೆ ಮಾಡಬೇಡಿ. ಆಕ್ರಿಲಿಕ್ ಎಳೆ ಹರಿಯುವುದಿಲ್ಲ, ಮರಿಗಳ ಕಾಲಿಗೆ ಸುತ್ತಿಕೊಂಡು ಬೆಳೆಯುತ್ತ ಹೋದಂತೆ ಬಿಗಿಯುತ್ತದೆ, ಕಾಲೇ ಹೋಗುತ್ತದೆ. ತುಣುಕುಗಳಿಗೆಂದು ಒಂದು ಹಾರ್ಲಿಕ್ಸ್ ಬಾಟಲಿ ಇಡಿ. ತುಂಬಿದಾಗ ಸೂಜಿದಿಂಬಿಗೋ ಮಕ್ಕಳ ಬೊಂಬೆಯ ಹೊಟ್ಟೆಗೋ ಆಗುತ್ತದೆ, ಇಲ್ಲವೇ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಅದರೊಳಗೆ ತುಂಬಿ ಹಿತ್ತಿಲ ಬಾಗಿಲಿನಡಿಯ ಸಂದಿಗೆ ಇಡಬಹುದು. ಚಳಿಗಾಳಿ ಬರುವುದಿಲ್ಲ, ಜಿರಲೆಯೂ ಬರುವುದಿಲ್ಲ.